ಸಸಿ, ಜಾಥಾ, ನಾಟಕ: ಶಾಲಾ ಮಕ್ಕಳ ಪಾಲ್ಗೊಳ್ಳುವಿಕೆ ಎಲ್ಲಿ ಕಲಿಕೆಯಾಗುತ್ತದೆ, ಎಲ್ಲಿ ಬರೀ ಹಾಜರಿಯಾಗುತ್ತದೆ?

ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳು ವರ್ಷದಲ್ಲಿ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಶಾಲೆಗೆ ಬರಬೇಕು, ಆ ದಿನಗಳನ್ನು ಪರಿಸರ, ಸ್ಥಳೀಯ ಕಸುಬು, ಸಾರ್ವಜನಿಕ ಕಚೇರಿಗಳ ಪರಿಚಯ, ಕಲೆ ಮತ್ತು ಸಂಸ್ಕೃತಿಗೆ ಸಂಬಂಧಿಸಿದ ಚಟುವಟಿಕೆಗಳಿಗೆ ಮೀಸಲಿಡಬೇಕು ಎಂಬ ಮಾರ್ಗಸೂಚಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜುಲೈ ಕೊನೆಯಲ್ಲಿ ಪ್ರಕಟಿಸಿತು. ಅದಕ್ಕೂ ಎರಡು ತಿಂಗಳು ಮೊದಲು, ಜೂನ್ 5ರ ಪರಿಸರ ದಿನದಂದು ಆರಂಭವಾದ ‘ಏಕ್ ಪೇಡ್ ಮಾ ಕೇ ನಾಮ್’ (ತಾಯಿಯ ಹೆಸರಿನಲ್ಲೊಂದು ಮರ) ಅಭಿಯಾನ ಶಾಲೆಗಳ ಇಕೋ ಕ್ಲಬ್‌ಗಳ ಮೂಲಕ ಮಕ್ಕಳ ಕೈಗೆ ಸಸಿ ಕೊಟ್ಟಿತ್ತು. ಅದೇ ವರ್ಷದ ಫೆಬ್ರುವರಿ 5ರಂದು ಚುನಾವಣಾ ಆಯೋಗವು ಮಕ್ಕಳನ್ನು ರಾಜಕೀಯ ಪ್ರಚಾರದಲ್ಲಿ, ಕರಪತ್ರ ಹಂಚುವುದರಲ್ಲಿ, ಘೋಷಣೆ ಕೂಗಿಸುವುದರಲ್ಲಿ ಯಾವ ರೀತಿಯಿಂದಲೂ ಬಳಸಬಾರದೆಂದು ಪಕ್ಷಗಳಿಗೆ ಕಟ್ಟುನಿಟ್ಟಿನ ಸೂಚನೆ ನೀಡಿತ್ತು. ಮಕ್ಕಳು ಸಮಾಜದ ಕೆಲಸಕ್ಕೆ ಬರಬೇಕು ಎಂಬ ಮಾತೂ ಮಕ್ಕಳನ್ನು ಬೀದಿಗೆ ತರಬೇಡಿ ಎಂಬ ಮಾತೂ ಹೀಗೆ ಒಂದೇ ವರ್ಷದಲ್ಲಿ ಪೋಷಕರ ಕಿವಿಗೆ ಬಿದ್ದವು.

ಕರ್ನಾಟಕದಲ್ಲಿ ಗೊಂದಲಕ್ಕೆ ಇನ್ನೊಂದು ಪದರವಿದೆ. ಹತ್ತು ದಿನಗಳ ಬ್ಯಾಗ್ ರಹಿತ ಅವಧಿಯ ಕಲ್ಪನೆ ಬಂದದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ. ಆ ನೀತಿಯನ್ನು ಕೈಬಿಡುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಬದಲಿ ನೀತಿಗಾಗಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು. ಒಂದೇ ಮನೆಯ ಒಂದು ಮಗು ಸಿಬಿಎಸ್‌ಇ ಶಾಲೆಯಲ್ಲಿ, ಇನ್ನೊಂದು ಮಗು ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಓದುತ್ತಿದ್ದರೆ, ಯಾವುದು ಕಡ್ಡಾಯ, ಯಾವುದು ಐಚ್ಛಿಕ, ಯಾವುದಕ್ಕೆ ಅಂಕವಿದೆ ಎಂಬುದು ಆ ಮನೆಯವರಿಗೆ ತಿಳಿಯದೇ ಹೋಗುವುದು ಸಹಜ. ಮಗುವಿನ ಕೈಯಲ್ಲಿ ಸಸಿಯೋ ಫಲಕವೋ ಕುಂಚವೋ ಇದ್ದಾಗ ಅಲ್ಲಿ ನಿಜಕ್ಕೂ ಏನು ನಡೆಯುತ್ತಿದೆ ಎಂಬುದನ್ನು ಅಳೆಯಲು ಈ ಲೇಖನ ಪ್ರಯತ್ನಿಸುತ್ತದೆ.

ಇದು ಹೊಸ ವಿಚಾರವಲ್ಲ

ಶಾಲೆಯ ಗೋಡೆಯಾಚೆಗಿನ ಕೆಲಸವೂ ಶಿಕ್ಷಣವೇ ಎಂಬ ವಾದಕ್ಕೆ ನಮ್ಮಲ್ಲಿ ಒಂದು ಶತಮಾನದಷ್ಟು ವಯಸ್ಸಾಗುತ್ತಾ ಬಂದಿದೆ. 1937ರಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕೆಲಸವನ್ನು ಕಲಿಕೆಯ ಕೇಂದ್ರಕ್ಕೆ ತಂದಿತು. ಅದೇ ಕಾಲಘಟ್ಟದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತ, ನಿಸರ್ಗದ ಒಡನಾಟಗಳನ್ನೇ ಮಕ್ಕಳ ಶಿಕ್ಷಣದ ದಾರಿಯಾಗಿ ಪ್ರಯೋಗಿಸಿದರು. 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಮತ್ತು ಸಮಾಜ ಸೇವೆಯನ್ನು ಶಾಲಾ ಶಿಕ್ಷಣದ ಅಂಗವಾಗಿಸಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯ ಶಿಫಾರಸಿನಿಂದ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ವಿಷಯವೇ ವೇಳಾಪಟ್ಟಿಗೆ ಬಂತು. ಹೆಸರು ಉದ್ದವಾಗಿತ್ತು, ಆಶಯ ಗಂಭೀರವಾಗಿತ್ತು, ಆದರೆ ಬಹುಪಾಲು ಶಾಲೆಗಳಲ್ಲಿ ಅದು ವಾರಕ್ಕೊಂದು ಅವಧಿಯಾಗಿ, ಪರೀಕ್ಷೆ ಹತ್ತಿರವಾದಾಗ ಗಣಿತದ ಮೇಷ್ಟ್ರಿಗೆ ಬಿಟ್ಟುಕೊಡುವ ಅವಧಿಯಾಗಿ ಉಳಿಯಿತು.

ಪರಿಸರ ಶಿಕ್ಷಣದ ಕಥೆಯೂ ಬಹುತೇಕ ಹೀಗೆಯೇ ಸಾಗಿದೆ. ನಿಸರ್ಗವನ್ನು ಕಾಪಾಡುವುದು, ಜೀವಿಗಳ ಬಗ್ಗೆ ಅನುಕಂಪ ಹೊಂದುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು 1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನದ 51ಎ ವಿಧಿ ಹೇಳಿತು. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರವನ್ನು ಶಾಲೆ, ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಿಸಲು ನಿರ್ದೇಶಿಸಿತು. ಅದು ಸರಿಯಾಗಿ ಪಾಲನೆಯಾಗದಿದ್ದಾಗ 2003ರ ಡಿಸೆಂಬರ್‌ನಲ್ಲಿ ಎನ್‌ಸಿಇಆರ್‌ಟಿಯ ಪಠ್ಯಕ್ರಮವನ್ನು ಜಾರಿಗೊಳಿಸುವಂತೆ ಮತ್ತೆ ಆದೇಶಿಸಿತು. ಆದೇಶ ಪಾಲನೆಯಾಯಿತು, ಪಾಠಗಳು ಬಂದವು, ಪ್ರಶ್ನೆಗಳೂ ಬಂದವು. ಓಝೋನ್ ಪದರ ಎಲ್ಲಿದೆ ಎಂದು ಹೇಳಬಲ್ಲ ಮಗುವಿಗೆ ತನ್ನೂರಿನ ಕೆರೆಗೆ ನೀರು ಯಾವ ದಿಕ್ಕಿನಿಂದ ಬರುತ್ತದೆ ಎಂದು ಗೊತ್ತಿರಬೇಕೆಂಬ ನಿಯಮವೇನೂ ಆಗಲಿಲ್ಲ. ತಿಳಿವಳಿಕೆ ಹೆಚ್ಚಾದ ಮಾತ್ರಕ್ಕೆ ನಡವಳಿಕೆ ಬದಲಾಗುವುದಿಲ್ಲ ಎಂಬುದನ್ನು ಪರಿಸರ ಶಿಕ್ಷಣದ ಸಂಶೋಧಕರು 1990ರ ಹೊತ್ತಿಗೇ ಬರೆದಿದ್ದರು. ‘ಇದು ನನ್ನದು’ ಎಂಬ ಭಾವವೂ ‘ನನ್ನಿಂದ ಇದರಲ್ಲಿ ಏನಾದರೂ ಆಗುತ್ತದೆ’ ಎಂಬ ಅನುಭವವೂ ಸೇರಿದಾಗಲೇ ಬದಲಾವಣೆ ಸಾಧ್ಯ ಎಂಬುದು ಅವರ ವಾದವಾಗಿತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಮಗುವಿನ ಸರ್ವತೋಮುಖ ಬೆಳವಣಿಗೆ, ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆ ಎಂಬ ಮಾತುಗಳನ್ನು ಕಾನೂನಿನ ಭಾಷೆಗೆ ತಂದಿತು. ಪಠ್ಯ, ಸಹಪಠ್ಯ, ಪಠ್ಯೇತರ ಎಂಬ ಗಟ್ಟಿ ಗೋಡೆಗಳೇ ಬೇಡ ಎಂದು 2020ರ ನೀತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರಾಜ್ಯ ಒಪ್ಪಲಿ ಬಿಡಲಿ, ಈ ಆಶಯದ ಕಾನೂನು ಬೇರುಗಳು 2020ಕ್ಕಿಂತ ಬಹಳ ಹಿಂದಿನವು. ಆದ್ದರಿಂದ ಹೊಸ ನೀತಿ ಬೇಡವೆಂದ ಮಾತ್ರಕ್ಕೆ ಕಲೆ, ಸೇವೆ, ಪರಿಸರದ ಕೆಲಸವನ್ನು ಕೈಬಿಡಲು ರಾಜ್ಯ ಪಠ್ಯಕ್ರಮದ ಶಾಲೆಗೆ ಅವಕಾಶವಿಲ್ಲ. ಹತ್ತು ದಿನ ಎಂಬ ಲೆಕ್ಕ ಬದಲಾಗಬಹುದು, ಹೆಸರು ಬದಲಾಗಬಹುದು, ಹೊಣೆ ಬದಲಾಗುವುದಿಲ್ಲ.

ಜೂನ್‌ನಲ್ಲಿ ನೆಟ್ಟದ್ದು ಏಪ್ರಿಲ್‌ನಲ್ಲಿ ಏನಾಗುತ್ತದೆ

ಮಕ್ಕಳ ಪರಿಸರ ಚಟುವಟಿಕೆಗಳಲ್ಲಿ ಅತಿ ಹೆಚ್ಚು ನಡೆಯುವುದು ಸಸಿ ನೆಡುವುದು, ಅತಿ ಕಡಿಮೆ ವಿಚಾರಿಸಲ್ಪಡುವುದೂ ಅದೇ. ನಮ್ಮ ಶಾಲಾ ವರ್ಷ ಮೇ ಕೊನೆಗೋ ಜೂನ್ ಆರಂಭಕ್ಕೋ ಶುರುವಾಗುತ್ತದೆ. ಮುಂಗಾರು ಅದೇ ಹೊತ್ತಿಗೆ ಬರುತ್ತದೆ. ಪರಿಸರ ದಿನವೂ ಆಗಲೇ ಇದೆ. ಗುಂಡಿ ತೋಡಲು, ಸಸಿ ಇಡಲು ಕಾಲ ಸರಿಯಾಗಿದೆ. ಅಕ್ಟೋಬರ್‌ವರೆಗೆ ಮಳೆಯೇ ಸಸಿಯನ್ನು ನೋಡಿಕೊಳ್ಳುತ್ತದೆ. ಅದರ ನಿಜವಾದ ಪರೀಕ್ಷೆ ಫೆಬ್ರುವರಿಯಲ್ಲಿ ಆರಂಭವಾಗಿ ಏಪ್ರಿಲ್, ಮೇ ತಿಂಗಳಲ್ಲಿ ತೀವ್ರವಾಗುತ್ತದೆ. ಆ ಹೊತ್ತಿಗೆ ಮಕ್ಕಳು ಮೊದಲು ಪರೀಕ್ಷೆಯಲ್ಲಿ, ನಂತರ ಬೇಸಿಗೆ ರಜೆಯಲ್ಲಿ ಇರುತ್ತಾರೆ. ಅಂದರೆ ಸಸಿಗೆ ಕೈ ಬೇಕಾದ ಕಾಲಕ್ಕೆ ಸರಿಯಾಗಿ ಶಾಲೆ ಮುಚ್ಚಿರುತ್ತದೆ. ಮಕ್ಕಳ ಅಸಡ್ಡೆ ಇದಕ್ಕೆ ಕಾರಣವಲ್ಲ, ಕಾರ್ಯಕ್ರಮದ ವಿನ್ಯಾಸದಲ್ಲೇ ಈ ದೋಷವಿದೆ.

ಇದರ ಪರಿಣಾಮ ಒಂದು ಗಿಡ ಒಣಗುವುದಕ್ಕೇ ಮುಗಿಯುವುದಿಲ್ಲ. ಜೂನ್‌ನಲ್ಲಿ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು, ಮರುವರ್ಷ ಶಾಲೆಗೆ ಬಂದಾಗ ಅದೇ ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡುವ ಮಗು ಒಂದು ಪಾಠವನ್ನಂತೂ ಕಲಿಯುತ್ತದೆ: ಇಲ್ಲಿ ಮುಖ್ಯವಾದದ್ದು ನೆಡುವ ದಿನ, ಬೆಳೆಯುವ ಮರವಲ್ಲ. ಯಾರೂ ಬಾಯಿಬಿಟ್ಟು ಹೇಳದ ಈ ಪಾಠ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ನಾವು ಗಂಭೀರವಾಗಿ ಯೋಚಿಸಬೇಕು. ಸಸಿ ನೆಟ್ಟ ಚಿತ್ರವನ್ನು ಜಾಲತಾಣಕ್ಕೆ ಏರಿಸಿದರೆ ಪ್ರಮಾಣಪತ್ರ ಸಿಗುವ ವ್ಯವಸ್ಥೆ ಈ ಪಾಠವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ನೆಟ್ಟ ಸಂಖ್ಯೆ. ಎರಡು ಬೇಸಿಗೆ ದಾಟಿದ ಸಂಖ್ಯೆಯನ್ನು ಹಾಗೆ ಹುಡುಕಿಕೊಂಡು ಬರುವವರು ವಿರಳ. ಜಾಗದ ಪ್ರಶ್ನೆಯೂ ಇದೆ. ಹುಲ್ಲುಗಾವಲು, ಕುರುಚಲು ಬಯಲು ಸ್ವತಃ ಒಂದು ಜೀವಲೋಕ. ಅಲ್ಲಿ ಮರಗಳನ್ನು ಸಾಲಾಗಿ ನೆಟ್ಟರೆ ಕೃಷ್ಣಮೃಗಕ್ಕೂ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೂ ನೆಲೆ ತಪ್ಪುತ್ತದೆ. ಯಾವ ಮರ, ಎಲ್ಲಿ, ಯಾಕೆ ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳಿ, ಊರಿನ ಹಿರಿಯರಿಂದಲೋ ಅರಣ್ಯ ಇಲಾಖೆಯ ನರ್ಸರಿಯವರಿಂದಲೋ ಉತ್ತರ ಪಡೆದು, ಐದೇ ಸಸಿಗಳನ್ನು ಮೂರು ವರ್ಷ ನೋಡಿಕೊಂಡರೆ ಐನೂರು ಸಸಿಗಳ ಅಭಿಯಾನಕ್ಕಿಂತ ಹೆಚ್ಚು ಕಲಿಕೆಯಾಗುತ್ತದೆ.

ಹಾಗೆ ಮಾಡಿದ ಮಾದರಿಗಳು ದೂರದಲ್ಲೇನೂ ಇಲ್ಲ. ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆಯಲ್ಲಿ ಮಕ್ಕಳು ಒಂದು ಮರವನ್ನು ಆಯ್ದುಕೊಂಡು, ಮಾವೋ ಹಲಸೋ ಹುಣಸೆಯೋ ಕಕ್ಕೆಯೋ, ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿ, ಹಣ್ಣುಗಳನ್ನು ಗಮನಿಸಿ ದಾಖಲಿಸುತ್ತಾರೆ. ಕೇರಳದ ಶಾಲೆಗಳು ಇದರಲ್ಲಿ ದೊಡ್ಡ ಪ್ರಮಾಣದಲ್ಲಿ ತೊಡಗಿವೆ. ಇಲ್ಲಿ ಹೊಸದೇನನ್ನೂ ನೆಡುವುದಿಲ್ಲ, ಉದ್ಘಾಟನೆಯೂ ಇಲ್ಲ. ಆದರೆ ಮಗುವಿನ ದಾಖಲೆ ಹವಾಮಾನ ಬದಲಾದಂತೆ ಮರಗಳು ಹೂ ಬಿಡುವ ಕಾಲ ಹೇಗೆ ಸರಿಯುತ್ತಿದೆ ಎಂಬುದನ್ನು ತಿಳಿಯಲು ವಿಜ್ಞಾನಿಗಳಿಗೆ ನಿಜವಾಗಿ ಬೇಕಾಗಿರುವ ಮಾಹಿತಿ. ಅದು ಬಳಕೆಯಾಗುತ್ತದೆ ಎಂದು ಗೊತ್ತಾದ ಕ್ಷಣದಿಂದ ಮಗು ನೋಡುವ ರೀತಿಯೇ ಬದಲಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಊರಿನ ಗಿಡಮೂಲಿಕೆ, ಮೀನು, ಹಕ್ಕಿ, ಬಿತ್ತನೆ ತಳಿಗಳ ಈ ದಾಖಲೆಯನ್ನು ಎಷ್ಟೋ ಕಡೆ ಕಚೇರಿಯಲ್ಲಿ ಕುಳಿತು ತುಂಬಿಸಲಾಗಿದೆ ಎಂಬ ದೂರು ಹಳೆಯದು. ಪ್ರೌಢಶಾಲೆಯ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಪ್ರತಿವರ್ಷ ಅದನ್ನು ತಿದ್ದಿ ಬೆಳೆಸುವ ಕೆಲಸ ಪಠ್ಯಕ್ಕೂ ಪಂಚಾಯಿತಿಗೂ ಒಟ್ಟಿಗೇ ಒದಗುತ್ತದೆ.

ಸೇವೆ ಯಾವಾಗ ದುಡಿಮೆಯಾಗುತ್ತದೆ

2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ದೃಶ್ಯಗಳು ಹೊರಬಂದಾಗ ರಾಜ್ಯವೇ ಬೆಚ್ಚಿತು. ಸಿಬ್ಬಂದಿಯ ಮೇಲೆ ಪ್ರಕರಣ ದಾಖಲಾಗಿ ಬಂಧನವೂ ನಡೆಯಿತು. ಸುರಕ್ಷಾ ಸಾಧನಗಳಿಲ್ಲದೆ ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ವಯಸ್ಕರ ವಿಷಯದಲ್ಲೇ ನಿಷೇಧಿಸಿದೆ. ಮಕ್ಕಳನ್ನು ಇಳಿಸುವುದು ಯಾವ ವ್ಯಾಖ್ಯಾನದಿಂದಲೂ ಶ್ರಮದಾನವಾಗದು.

ಆ ಘಟನೆಯ ನಂತರ ಚರ್ಚೆ ಎರಡು ತುದಿಗಳಿಗೆ ಹೋಯಿತು. ಮಕ್ಕಳ ಕೈಗೆ ಪೊರಕೆಯನ್ನೇ ಕೊಡಬಾರದು ಎಂದು ಒಂದು ಕಡೆಯವರು ಹೇಳಿದರು. ಜಪಾನಿನಲ್ಲಿ ಮಕ್ಕಳೇ ತರಗತಿ ಗುಡಿಸುತ್ತಾರೆ, ಅದರಲ್ಲಿ ತಪ್ಪೇನಿದೆ ಎಂದು ಇನ್ನೊಂದು ಕಡೆಯವರು ಕೇಳಿದರು. ಜಪಾನಿನ ಉದಾಹರಣೆ ಕೊಡುವವರು ಅದರ ಮುಖ್ಯ ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅಲ್ಲಿ ಎಲ್ಲ ಮಕ್ಕಳಿಗೂ ಸರದಿ ಬರುತ್ತದೆ, ಶಿಕ್ಷಕರೂ ಜೊತೆಗಿರುತ್ತಾರೆ. ನಮ್ಮಲ್ಲಿ ಯಾವ ಮಗುವಿಗೆ ಯಾವ ಕೆಲಸ ಎಂಬುದನ್ನು ಜಾತಿಯೂ ಲಿಂಗವೂ ಮೌನವಾಗಿ ನಿರ್ಧರಿಸುತ್ತವೆ. ಗುಡಿಸಿ ರಂಗೋಲಿ ಹಾಕಲು ಹೆಣ್ಣುಮಕ್ಕಳು, ಬೆಂಚು ಹೊರಲು ಗಂಡುಮಕ್ಕಳು, ಶೌಚಾಲಯಕ್ಕೆ ನೀರು ಹಾಕಲು ಇಂಥವರು, ಅತಿಥಿಗಳಿಗೆ ಹೂಗುಚ್ಛ ಕೊಡಲು ಇಂಥವರು ಎಂಬ ಹಂಚಿಕೆ ಒಮ್ಮೆ ರೂಢಿಯಾದರೆ, ಆ ‘ಸೇವೆ’ ಸಮಾನತೆಯ ಪಾಠ ಕಲಿಸುವ ಬದಲು ಅಸಮಾನತೆಯನ್ನು ಎಳೆಯ ವಯಸ್ಸಿನಲ್ಲೇ ಅಭ್ಯಾಸ ಮಾಡಿಸುತ್ತದೆ. ಆದ್ದರಿಂದ ಕೆಲಸ ಸುರಕ್ಷಿತವೇ, ಸಂಬಳ ಪಡೆಯುವ ಸಿಬ್ಬಂದಿ ಮಾಡಬೇಕಾದ ಕೆಲಸವನ್ನು ಮಕ್ಕಳ ಮೇಲೆ ಹೊರಿಸಲಾಗಿದೆಯೇ ಎಂದು ಕೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಸರದಿ ಎಲ್ಲರಿಗೂ ಬರುತ್ತದೆಯೇ? ಇದಕ್ಕೆ ಉತ್ತರ ಇಲ್ಲವೆಂದಾದರೆ ಉಳಿದೆರಡು ಪ್ರಶ್ನೆಗಳ ಉತ್ತರ ಏನಿದ್ದರೂ ಆ ಚಟುವಟಿಕೆ ನಿಲ್ಲಬೇಕು.

ವೇದಿಕೆಯ ಮೇಲಿನ ಮಾತು ಯಾರದು

ಕಲೆ ಮತ್ತು ಸಾಮಾಜಿಕ ಕಾಳಜಿ ಒಂದಾದಾಗ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಕುರಿತು ಆಡಿದ ನಾಟಕ ದೇಶದ್ರೋಹದ ಪ್ರಕರಣಕ್ಕೆ ಕಾರಣವಾಯಿತು. ಪೊಲೀಸರು ಶಾಲೆಗೇ ಬಂದು ಎಳೆಯ ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರದಲ್ಲಿ, ಶಸ್ತ್ರಸಹಿತ ಪೊಲೀಸರು ಮಕ್ಕಳನ್ನು ವಿಚಾರಿಸಿದ್ದು ಬಾಲನ್ಯಾಯ ಕಾಯ್ದೆಗೆ ಮೇಲ್ನೋಟಕ್ಕೆ ವಿರುದ್ಧ ಎಂದು ಹೈಕೋರ್ಟ್ 2021ರಲ್ಲಿ ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಇಡೀ ಪ್ರಕರಣವನ್ನೇ ರದ್ದುಪಡಿಸಿತು. ಆದರೆ ಅದೇ ತೀರ್ಪಿನಲ್ಲಿ, ಪ್ರಚಲಿತ ರಾಜಕೀಯ ವಿವಾದಗಳಿಗಿಂತ ಮಕ್ಕಳ ಕಲಿಕೆಗೆ ನೆರವಾಗುವ, ಸೃಜನಶೀಲ ವಿಷಯಗಳನ್ನು ನಾಟಕಕ್ಕೆ ಆರಿಸಿಕೊಳ್ಳುವುದು ಒಳಿತು ಎಂಬ ಅಭಿಪ್ರಾಯವೂ ಬಂತು.

ಇಲ್ಲಿ ಎದುರಾಗುವ ಎರಡು ನಿಲುವುಗಳೂ ಹಗುರವಾದವಲ್ಲ. ಮಕ್ಕಳ ಮನಸ್ಸು ಇನ್ನೂ ರೂಪುಗೊಳ್ಳುತ್ತಿರುವಾಗ ದೊಡ್ಡವರ ಜಗಳವನ್ನು ಅವರ ಬಾಯಿಂದ ಆಡಿಸುವುದು ಅನ್ಯಾಯ ಎಂಬ ವಾದಕ್ಕೆ ತೂಕವಿದೆ. ಮಗುವೂ ನಾಗರಿಕನೇ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಅದಕ್ಕಿದೆ ಎಂಬ ವಾದಕ್ಕೂ ಅಷ್ಟೇ ತೂಕವಿದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇದನ್ನೇ ಹೇಳುತ್ತದೆ. 31ನೇ ವಿಧಿ ಕಲೆ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಭಾಗವಹಿಸುವ ಹಕ್ಕನ್ನು ಹೇಳುತ್ತದೆ. ಪರಿಸರ ಮತ್ತು ಹವಾಮಾನ ಬದಲಾವಣೆಯ ವಿಷಯದಲ್ಲಿ ಮಕ್ಕಳ ಹಕ್ಕುಗಳನ್ನು ವಿವರಿಸುವ 26ನೇ ಸಾಮಾನ್ಯ ಟಿಪ್ಪಣಿಯನ್ನು ವಿಶ್ವಸಂಸ್ಥೆಯ ಸಮಿತಿ 2023ರಲ್ಲಿ ಹೊರತಂದಿತು. ಉತ್ತರಾಖಂಡದ ರಿಧಿಮಾ ಪಾಂಡೆ ಒಂಬತ್ತನೆಯ ವಯಸ್ಸಿನಲ್ಲಿ, 2017ರಲ್ಲಿ, ಹವಾಮಾನ ಬದಲಾವಣೆಯ ಕುರಿತು ಹಸಿರು ನ್ಯಾಯಮಂಡಳಿಯ ಕದ ತಟ್ಟಿದ್ದು ಇದೇ ನೆಲದಲ್ಲಿ.

ಈ ಬಿಕ್ಕಟ್ಟನ್ನು ಬಿಡಿಸಲು ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ರೂಪಿಸಿದ ‘ಪಾಲ್ಗೊಳ್ಳುವಿಕೆಯ ಏಣಿ’ ಇಂದಿಗೂ ಉಪಯುಕ್ತ. ಎಂಟು ಮೆಟ್ಟಿಲುಗಳ ಆ ಏಣಿಯ ಕೆಳಗಿನ ಮೂರು ಮೆಟ್ಟಿಲುಗಳನ್ನು ಆತ ಪಾಲ್ಗೊಳ್ಳುವಿಕೆ ಎಂದು ಒಪ್ಪುವುದೇ ಇಲ್ಲ. ಮೊದಲನೆಯದು ಮಕ್ಕಳಿಗೆ ವಿಷಯವೇ ತಿಳಿಯದಂತೆ ಅವರನ್ನು ಬಳಸಿಕೊಳ್ಳುವುದು, ಎರಡನೆಯದು ಅಲಂಕಾರಕ್ಕೆ ನಿಲ್ಲಿಸುವುದು, ಮೂರನೆಯದು ಮಾತನಾಡಿಸಿದಂತೆ ಮಾಡಿ ಅವರ ಮಾತಿಗೆ ಬೆಲೆ ಕೊಡದಿರುವುದು. ನಾಲ್ಕನೆಯ ಮೆಟ್ಟಿಲಿನಿಂದ, ಅಂದರೆ ಕೆಲಸವನ್ನು ದೊಡ್ಡವರೇ ನಿಗದಿ ಮಾಡಿದರೂ ಯಾಕೆ, ಯಾರಿಗಾಗಿ ಎಂಬುದು ಮಕ್ಕಳಿಗೆ ಸ್ಪಷ್ಟವಾಗಿ ಗೊತ್ತಿರುವ ಹಂತದಿಂದ, ನಿಜವಾದ ಭಾಗವಹಿಸುವಿಕೆ ಆರಂಭವಾಗುತ್ತದೆ. ನಮ್ಮ ಊರುಗಳಲ್ಲಿ ನಡೆಯುವ ಜಾಥಾಗಳನ್ನು ಈ ಅಳತೆಗೆ ಹಿಡಿದು ನೋಡಿದರೆ ಬೇಸರವಾಗುತ್ತದೆ. ಬಿಸಿಲಿನಲ್ಲಿ ಫಲಕ ಹಿಡಿದು ನಡೆಯುವ ಮಕ್ಕಳಲ್ಲಿ ಎಷ್ಟು ಮಂದಿಗೆ ಫಲಕದ ವಾಕ್ಯವನ್ನು ತಾವೇ ಬರೆಯುವ ಅವಕಾಶವಿತ್ತು? ಯಾವ ಪಕ್ಷದ್ದೂ ಅಲ್ಲದ, ಯಾರೂ ಆಕ್ಷೇಪಿಸದ ವಿಷಯದ ಜಾಥಾ ಆಗಿದ್ದರೂ ಮಕ್ಕಳು ಅಲ್ಲಿ ಅಲಂಕಾರವಾಗಿಯೇ ಇದ್ದರೆ ಅದು ಎರಡನೆಯ ಮೆಟ್ಟಿಲು. ವಿಷಯ ವಿವಾದಾತ್ಮಕವೇ ಎಂದು ಕೇಳುವಷ್ಟೇ ಮುತುವರ್ಜಿಯಿಂದ, ಮಕ್ಕಳು ಬೇಡವೆನ್ನಬಹುದಿತ್ತೇ ಎಂದೂ ಕೇಳಬೇಕು. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದ ಕಡೆ ನಾಟಕವಾದರೇನು, ಪರಿಸರ ಗೀತೆಯಾದರೇನು, ಮಗು ಇನ್ನೊಬ್ಬರ ಮಾತನ್ನು ಹೊರುತ್ತಿರುತ್ತದೆ.

ಕಲೆಯ ವಿಷಯದಲ್ಲಿ ನಮ್ಮ ಶಾಲೆಗಳು ಸ್ಪರ್ಧೆಯನ್ನು ಬಹಳ ನೆಚ್ಚಿವೆ. ಪ್ರತಿಭಾ ಕಾರಂಜಿ ಹಳ್ಳಿಯ ಎಷ್ಟೋ ಮಕ್ಕಳಿಗೆ ಮೊದಲ ವೇದಿಕೆಯಾಗಿದೆ, ಆ ಋಣವನ್ನು ಮರೆಯಲಾಗದು. ಆದರೆ ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಆರಿಸುತ್ತಾ ಹೋಗುವ ವ್ಯವಸ್ಥೆಯಲ್ಲಿ ಚೆನ್ನಾಗಿ ಹಾಡುವ ಒಂದು ಮಗು ಮುಂದೆ ಹೋಗುತ್ತದೆ, ಉಳಿದವರು ಪ್ರೇಕ್ಷಕರಾಗುತ್ತಾರೆ. ತರಗತಿಯ ಎಲ್ಲ ಮಕ್ಕಳೂ ಸೇರಿ ತಿಂಗಳುಗಟ್ಟಲೆ ಒಂದು ನಾಟಕ ಕಟ್ಟುವಾಗ ಮಾತು ಬಾರದ ಮಗು ಬೆಳಕು ಹಿಡಿಯುತ್ತದೆ, ಬರೆಯಲು ಹಿಂಜರಿಯುವ ಮಗು ಮುಖವಾಡ ಮಾಡುತ್ತದೆ, ಎಲ್ಲರಿಗೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಬೇಕಾಗುತ್ತದೆ. ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣದಂಥ ಸಂಸ್ಥೆಗಳಿಂದ ತರಬೇತಿ ಪಡೆದವರು ಶಾಲೆಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ.

ಅಂಕ ಕೊಡಬೇಕೆ

ಈಗಿನ ನೀತಿ ಚರ್ಚೆಯಲ್ಲಿ ಹೆಚ್ಚು ಬಿಸಿಯೇರಿರುವ ಪ್ರಶ್ನೆ ಇದು. ಅಂಕ ಕೊಡದಿದ್ದರೆ ಶಾಲೆಗಳೂ ಪೋಷಕರೂ ಗಂಭೀರವಾಗಿ ಪರಿಗಣಿಸುವುದಿಲ್ಲ ಎನ್ನುವವರ ಬೆನ್ನಿಗೆ ಸಮಾಜೋಪಯೋಗಿ ಕಾರ್ಯದ ಅವಧಿಗೆ ಆದ ಗತಿಯೇ ಸಾಕ್ಷಿಯಾಗಿ ನಿಂತಿದೆ. ಅಂಕ ಕೊಟ್ಟರೆ ಅದು ಇನ್ನೊಂದು ಪರೀಕ್ಷೆಯಾಗುತ್ತದೆ ಎನ್ನುವವರ ಬಳಿಯೂ ಸಾಕ್ಷ್ಯವಿದೆ. ಸಿಬಿಎಸ್‌ಇ 2020ರಲ್ಲಿ ಕಲಾಸಂಯೋಜಿತ ಪ್ರಾಜೆಕ್ಟ್‌ಗಳನ್ನು ಕಡ್ಡಾಯಗೊಳಿಸಿ ಆಂತರಿಕ ಮೌಲ್ಯಮಾಪನಕ್ಕೆ ಜೋಡಿಸಿದ ಮೇಲೆ, ಅಂಥ ಪ್ರಾಜೆಕ್ಟ್‌ಗಳನ್ನು ಮನೆಯ ಹಿರಿಯರೋ ಜೆರಾಕ್ಸ್ ಅಂಗಡಿಯವರೋ ಸಿದ್ಧಪಡಿಸಿಕೊಡುವುದು ಪೋಷಕರಿಗೆಲ್ಲ ಗೊತ್ತಿರುವ ಸಂಗತಿ.

1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ಬೆಳಕು ಚೆಲ್ಲುತ್ತದೆ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬರೆಯುವುದರಲ್ಲಿ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೆದರೆ ಬಹುಮಾನ ಎಂದು ಮೊದಲೇ ಹೇಳಿದರು, ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು, ಮೂರನೆಯದಕ್ಕೆ ಕೊಡಲೇ ಇಲ್ಲ. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ನೋಡಿದಾಗ, ಬಹುಮಾನಕ್ಕಾಗಿ ಬರೆದಿದ್ದ ಮಕ್ಕಳು ಉಳಿದವರಿಗಿಂತ ಸ್ಪಷ್ಟವಾಗಿ ಕಡಿಮೆ ಹೊತ್ತು ಚಿತ್ರದಲ್ಲಿ ತೊಡಗಿದ್ದರು. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಬಹುಮಾನದ ಕೆಲಸವಾದಾಗ, ಬಹುಮಾನ ಹೋದರೆ ಕೆಲಸವೂ ಹೋಗುತ್ತದೆ.

ಗಂಟೆ ಎಣಿಸುವುದು ಇನ್ನೊಂದು ದಾರಿ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1999ರಿಂದ ಪ್ರೌಢಶಾಲೆ ಮುಗಿಸಲು 40 ಗಂಟೆಗಳ ಸಮುದಾಯ ಸೇವೆ ಕಡ್ಡಾಯವಾಗಿದೆ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪಠ್ಯಕ್ರಮದಲ್ಲಿ ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ ಎಂಬ ಅಂಗವಿದೆ. ಹಿಂದೆ ಅಲ್ಲಿಯೂ ಗಂಟೆಗಳ ಲೆಕ್ಕವಿತ್ತು, ಈಗ ಅದನ್ನು ಬಿಟ್ಟು, ಅಂಕವನ್ನೂ ಕೊಡದೆ, ವಿದ್ಯಾರ್ಥಿ ಏನು ಮಾಡಿದ, ಏನು ಯೋಚಿಸಿದ ಎಂಬ ದಾಖಲೆಯನ್ನಷ್ಟೇ ಕೇಳುತ್ತಾರೆ. ಅಂಕವಿಲ್ಲ, ಆದರೆ ಮಾಡದೆ ಪಾಸಾಗುವಂತೆಯೂ ಇಲ್ಲ. ನಮಗೆ ಈ ಮಧ್ಯಮ ಮಾರ್ಗವೇ ಹೆಚ್ಚು ಹೊಂದುತ್ತದೆ ಎಂದು ತೋರುತ್ತದೆ: ವೇಳಾಪಟ್ಟಿಯಲ್ಲಿ ಅವಧಿ ಕಡ್ಡಾಯವಾಗಿರಲಿ, ಅದನ್ನು ಬೇರೆ ವಿಷಯಕ್ಕೆ ಕಸಿಯುವುದು ನಿಷಿದ್ಧವಾಗಿರಲಿ, ಆದರೆ ಮಗುವಿನ ಕೆಲಸಕ್ಕೆ ಅಂಕ ಬೇಡ. ಕಡ್ಡಾಯದ ಭಾರವನ್ನು ಮಗುವಿನಿಂದ ತೆಗೆದು ಶಾಲೆಯ ಮೇಲೆ ಇಡಬೇಕು.

ಯಾರು ಮಾಡಿಸುತ್ತಾರೆ, ಯಾವ ಹೊತ್ತಿನಲ್ಲಿ

ಎಲ್ಲ ಸುತ್ತೋಲೆಗಳೂ ಕೊನೆಗೆ ಒಬ್ಬ ಶಿಕ್ಷಕಿಯ ಮೇಜಿಗೆ ಬಂದು ನಿಲ್ಲುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದು ಹೇಳುತ್ತದೆ. ಇದು ಶಿಫಾರಸಲ್ಲ, ಕಾನೂನು. ಆದರೂ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆ, ಸಂಗೀತದ ಶಿಕ್ಷಕರು ಅಪರೂಪ, ನಾಟಕ ಶಿಕ್ಷಕರು ಇನ್ನೂ ಅಪರೂಪ. ವಿಜ್ಞಾನದ ಶಿಕ್ಷಕಿಯೇ ಇಕೋ ಕ್ಲಬ್ಬಿನ ಉಸ್ತುವಾರಿ, ಆಕೆಯೇ ಪ್ರತಿಭಾ ಕಾರಂಜಿಗೆ ಹಾಡು ಕಲಿಸುವವರು, ಆಕೆಯೇ ಬಿಸಿಯೂಟದ ಲೆಕ್ಕ ನೋಡಿ ಸಂಜೆ ಫೋಟೊ ಅಪ್‌ಲೋಡ್ ಮಾಡುವವರು. ಇಂಥ ಶಿಕ್ಷಕಿ ಒಂದು ದಿನದ ಕಾರ್ಯಕ್ರಮವನ್ನು ಆರಿಸಿಕೊಂಡರೆ ಅದರಲ್ಲಿ ಆಕೆಯ ತಪ್ಪಿಲ್ಲ. ವರ್ಷವಿಡೀ ಸಾಗುವ ಕೆಲಸಕ್ಕೆ ಬೇಕಾದ ಸಮಯವನ್ನು ಆಕೆಗೆ ಯಾರೂ ಕೊಟ್ಟಿಲ್ಲ.

ಸಮಯದ ಲೆಕ್ಕ ನೋಡಿ. ಆರರಿಂದ ಎಂಟನೇ ತರಗತಿಗೆ ಕಾಯ್ದೆ ವಿಧಿಸುವುದು ವರ್ಷಕ್ಕೆ 220 ದಿನ, 1,000 ಬೋಧನಾ ಗಂಟೆ. ಹತ್ತು ದಿನ ಅದರ ಶೇಕಡಾ 5ಕ್ಕಿಂತ ಕಡಿಮೆ. ಪಾಠ ಹಿಂದೆ ಬೀಳುತ್ತದೆ ಎಂಬ ಪೋಷಕರ ಭಯಕ್ಕೆ ಈ ಪ್ರಮಾಣ ದೊಡ್ಡ ಆಧಾರವಾಗದು. ಆದರೆ ಆ ಹತ್ತು ದಿನಗಳನ್ನು ಹತ್ತು ಬೇರೆ ಬೇರೆ ಕಾರ್ಯಕ್ರಮಗಳಿಗೆ ಹರಿದು ಹಂಚಿದರೆ ಪಾಠವೂ ಇಲ್ಲ, ಚಟುವಟಿಕೆಯ ಫಲವೂ ಇಲ್ಲ ಎಂಬಂತಾಗುತ್ತದೆ. ಅದೇ ಹತ್ತು ದಿನಗಳನ್ನು ಒಂದು ಕೆರೆಯ ಸುತ್ತ ಹೆಣೆದರೆ ಗಣಿತದಲ್ಲಿ ಅದರ ವಿಸ್ತೀರ್ಣ, ವಿಜ್ಞಾನದಲ್ಲಿ ನೀರಿನ ಗುಣ, ಸಮಾಜದಲ್ಲಿ ಅದರ ಇತಿಹಾಸ, ಕನ್ನಡದಲ್ಲಿ ಗ್ರಾಮಸಭೆಗೆ ಮನವಿ, ಕೊನೆಗೆ ಅದೇ ಕೆರೆಯ ಕುರಿತ ನಾಟಕ ಎಲ್ಲವೂ ಸಾಧ್ಯ.

ಹೀಗೇ ಮುಂದುವರಿದರೆ

ಅಂಕ ಮತ್ತು ಪ್ರಮಾಣಪತ್ರಗಳ ದಾರಿಯಲ್ಲೇ ಹೋದರೆ ಮೊದಲು ಕಾಣಿಸಿಕೊಳ್ಳುವ ಪರಿಣಾಮ ಅಸಮಾನತೆ. ಖರ್ಚು ಮಾಡಬಲ್ಲ ಶಾಲೆಯ ಮಗು ಶಿಬಿರ, ಪ್ರವಾಸ, ತರಬೇತುದಾರರ ನೆರವಿನಿಂದ ದಪ್ಪನೆಯ ಕಡತ ಕಟ್ಟಿಕೊಳ್ಳುತ್ತದೆ. ದಿನವೂ ಮನೆಗೆ ನೀರು ತಂದು, ತಮ್ಮನನ್ನು ನೋಡಿಕೊಂಡು, ಹೊಲದಲ್ಲಿ ಹತ್ತಾರು ಹಕ್ಕಿಗಳ ಹೆಸರು ತಿಳಿದಿರುವ ಮಗುವಿನ ಕಡತ ಖಾಲಿಯಾಗಿರುತ್ತದೆ. ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ದಂಥ ಕಾರ್ಯಕ್ರಮಗಳು ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ದು ಈ ಅಂತರವನ್ನು ಸ್ವಲ್ಪ ತುಂಬುತ್ತವೆ, ಪೂರ್ತಿ ತುಂಬಲು ಅವುಗಳಿಂದಾಗದು. ಎರಡನೆಯ ಪರಿಣಾಮ ಖಾಸಗಿತನಕ್ಕೆ ಸಂಬಂಧಿಸಿದ್ದು. ಪ್ರತಿ ಚಟುವಟಿಕೆಗೂ ಫೋಟೊ ಬೇಕೆಂದಾದಾಗ ಮಕ್ಕಳ ಮುಖಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಡುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಶೈಕ್ಷಣಿಕ ಉದ್ದೇಶಗಳಿಗೆ ವಿನಾಯಿತಿ ಇದ್ದರೂ ಪ್ರಚಾರಕ್ಕಾಗಿ ಹಾಕುವ ಚಿತ್ರ ಶೈಕ್ಷಣಿಕ ಉದ್ದೇಶ ಹೇಗಾದೀತು ಎಂದು ಶಾಲೆಗಳು ಈಗಲೇ ಯೋಚಿಸಬೇಕು.

ಹೊಸ ರಾಜ್ಯ ನೀತಿ ಯಾವ ರೂಪದಲ್ಲಿ ಜಾರಿಗೆ ಬಂದರೂ, ಅದಕ್ಕಾಗಿ ಕಾಯದೆ ಪೋಷಕರು ಕೈಹಾಕಬಹುದಾದ ಜಾಗವೊಂದು ಈಗಾಗಲೇ ಕಾನೂನಿನಲ್ಲಿದೆ. ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಮ್ಮಲ್ಲಿ ಎಸ್‌ಡಿಎಂಸಿ ಎಂದು ಕರೆಯುವ ಸಮಿತಿಯಲ್ಲಿ, ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಅದರ ಹೊಣೆ. ಸಾಮಾನ್ಯವಾಗಿ ಕೊಠಡಿ, ಕಾಂಪೌಂಡು, ಶೌಚಾಲಯಗಳ ಬೇಡಿಕೆಗೆ ಮೀಸಲಾಗುವ ಆ ಯೋಜನೆಯಲ್ಲಿ, ಈ ವರ್ಷ ನಮ್ಮ ಮಕ್ಕಳು ಕೈಗೆತ್ತಿಕೊಳ್ಳುವ ಒಂದು ಕೆಲಸ ಯಾವುದು, ಅದನ್ನು ಮಕ್ಕಳೊಂದಿಗೆ ಕೂತು ಆರಿಸಿದ್ದೇವೆಯೇ, ವಾರದ ಯಾವ ಅವಧಿ ಅದಕ್ಕೆ ಮೀಸಲು, ಅರೆಕಾಲಿಕ ಕಲಾ ಬೋಧಕರ ಬೇಡಿಕೆಯನ್ನು ಇಲಾಖೆಗೆ ಬರೆದಿದ್ದೇವೆಯೇ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸಸಿಗಳಿಗೆ ನೀರು ಹಾಕುವವರು ಯಾರು ಎಂಬ ಐದು ಸಾಲುಗಳನ್ನು ಸೇರಿಸಲು ಯಾವ ಹೊಸ ಸುತ್ತೋಲೆಯೂ ಬೇಕಿಲ್ಲ.